ವೃತ್ತದ ಮೇಲಿನ ಗೀಟು

“ಈ ವೃತ್ತದ ಮೇಲೆ ಗೀಟು ಯಾಕೆ?” ಎಂದು ತಾಯಿ ಕೇಳಿದಳು.

ಸಂಶೋಧಕಿ ಮೇಜಿನ ಮೇಲಿದ್ದ ಹಾಳೆಯನ್ನು ಆಕೆಯ ಕಡೆಗೆ ತಿರುಗಿಸಿದಳು. ಪೆನ್ಸಿಲಿನಲ್ಲಿ ಬರೆದ ಮನೆತನದ ನಕ್ಷೆ ಅದು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ.

“ತೀರಿಕೊಂಡವರ ಮೇಲೆ ಹೀಗೆ ಓರೆಗೀಟು ಹಾಕ್ತೀವಮ್ಮ. ನಿಮ್ಮ ಮಗನ ಮೇಲೂ ಇದೆ ನೋಡಿ. ಮಗಳೂ ಇಲ್ಲ ಅಂತ ಹೋದ ಸಲ ಸರ್ ಹೇಳಿದ್ರಲ್ಲ.”

ಪಕ್ಕದಲ್ಲಿದ್ದ ತಂದೆಯತ್ತ ಅವಳು ಕೈ ತೋರಿಸಿದಳು.

ಮಗನ ಗೀಟು ನಿಜವಾದದ್ದೇ. ಮೈದಾನದಲ್ಲಿ ಓಡುತ್ತಿದ್ದವನು ಇದ್ದಕ್ಕಿದ್ದಂತೆ ಕುಸಿದು ಬಿದ್ದಿದ್ದ, ಮತ್ತೆ ಏಳಲಿಲ್ಲ. ಆಸ್ಪತ್ರೆಯವರು ತೆಗೆದಿಟ್ಟಿದ್ದ ಅವನ ರಕ್ತದಲ್ಲಿನ ಡಿಎನ್‌ಎಯನ್ನು ಈ ಪ್ರಯೋಗಾಲಯದವರು ಅಕ್ಷರ ಅಕ್ಷರವಾಗಿ ಓದಿದ್ದರು. ಮುನ್ನೂರು ಕೋಟಿ ಅಕ್ಷರಗಳ ನಡುವೆ ಎಲ್ಲೋ ಒಂದು ತಪ್ಪಿತ್ತಂತೆ, ಎದೆಬಡಿತದ ತಾಳ ಕೆಡಿಸುವಂಥದ್ದು. ಅದೇ ತಪ್ಪು ತಂದೆಯ ರಕ್ತದಲ್ಲೂ ಸಿಕ್ಕಿತ್ತು.

ಮಗಳ ಸಂಗತಿ ಬೇರೆ. ತಂದೆ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಲಿಯುವವರ ಪಕ್ಕ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕು ಒತ್ತಿ ಒತ್ತಿಯೇ ಆಯಸ್ಸು ಸವೆಸಿದವನು. ಮನೆಯಲ್ಲೂ ಬ್ರೇಕು ಅವನ ಕಾಲಡಿಯೇ. ಅವನ ಹತ್ತಿರ ಕಲಿತು ಎರಡು ಸಲ ಫೇಲಾದ ಹುಡುಗನನ್ನೇ ಮಗಳು ಮದುವೆಯಾದಾಗ, “ನನ್ನ ಪಾಲಿಗೆ ಅವಳು ಸತ್ತಳು” ಅಂದುಬಿಟ್ಟ. ಸಿಟ್ಟಿನಲ್ಲಿ ಅಂದದ್ದು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕೇಳಿದವರಿಗೆಲ್ಲ, ಕೊನೆಗೆ ಈ ಪ್ರಯೋಗಾಲಯದಲ್ಲೂ, ಅದನ್ನೇ ಹೇಳಿಕೊಂಡು ಬಂದ. ಮನೆಯ ನೆಮ್ಮದಿ ಕೆಡಬಾರದೆಂದು ತಾಯಿ ತುಟಿಪಿಟಕ್ಕೆನ್ನಲಿಲ್ಲ. ಎಂಥ ನೆಮ್ಮದಿಯೋ! ಮಗಳ ದನಿ ಕೇಳಬೇಕೆನಿಸಿದರೆ ಪಕ್ಕದ ಮನೆಯ ಫೋನಿನಲ್ಲಿ ಕಳ್ಳಿಯ ಹಾಗೆ ಮಾತಾಡಬೇಕಿತ್ತು.

“ಈ ತಪ್ಪು ಮಕ್ಕಳಿಗೆಲ್ಲ ಬರುತ್ತಾ?”

“ಎಲ್ಲರಿಗೂ ಅಲ್ಲಮ್ಮ. ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ ಅಷ್ಟೆ. ಇದೆ ಅಂತ ಮೊದಲೇ ಗೊತ್ತಾದ್ರೆ ಮಾತ್ರೆ ಕೊಟ್ಟು ಕಾಪಾಡಬಹುದು. ಸರ್‌ಗೂ ಅದನ್ನೇ ಶುರು ಮಾಡೋಣ ಅಂತಿದೀವಿ. ಗೊತ್ತಿಲ್ಲದೆ ಓಡಾಡೋರದ್ದೇ ಭಯ.”

ತಾಯಿ ಕೈ ಚಾಚಿದಳು. “ಒಂದು ರಬ್ಬರ್ ಕೊಡಿ.”

“ಏಯ್, ಸುಮ್ನಿರು,” ಎಂದ ತಂದೆ.

“ಸುಮ್ನಿದ್ದೂ ಸುಮ್ನಿದ್ದೂ ಇಲ್ಲಿಗೆ ಬಂತು. ನೀವು ಒತ್ತಿದ ಕೂಡಲೇ ನಿಲ್ಲೋಕೆ ಅವಳೇನು ನಿಮ್ಮ ಶಾಲೆ ಕಾರಾ?” ಚಾಚಿದ ಕೈಯನ್ನು ಆಕೆ ಹಿಂತೆಗೆಯಲಿಲ್ಲ. “ನನ್ನ ಮಗಳು ಬದುಕಿದಾಳೆ ಮೇಡಂ. ಗುಂಡುಕಲ್ಲಿನ ಹಾಗಿದಾಳೆ.”

“ನಾನು ಒಂದು ಮಾತು ಅಂದ ಮೇಲೆ...”

“ಒಬ್ಬನ್ನ ಮಣ್ಣಿಗೆ ಕೊಟ್ಟಿದೀನಿ ಕಣ್ರೀ. ಇವಳನ್ನ ನಿಮ್ಮ ಮಾತಿಗೆ ಕೊಡಲ್ಲ.”

ಸಂಶೋಧಕಿ ರಬ್ಬರು ಮುಂದಿಟ್ಟಳು. ಗೀಟನ್ನು ಒತ್ತಿ ಎಳೆದಿದ್ದರಿಂದ ಬೇಗ ಹೋಗಲಿಲ್ಲ. ತಾಯಿ ಹಾಳೆಯನ್ನು ಒಂದು ಕೈಯಲ್ಲಿ ಅದುಮಿ ಹಿಡಿದು ತಿಕ್ಕಿದಳು, ಪುಡಿಯನ್ನು ಊದಿದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಆ ವೃತ್ತದ ಕೆಳಗೆ ಇನ್ನೊಂದು ಪುಟ್ಟ ವೃತ್ತ ಬರೆದಳು. ಅದು ಸೊಟ್ಟಗಾಯಿತು.

“ಇದ್ಯಾರು?” ತಂದೆಯ ದನಿ ಇಳಿದಿತ್ತು.

“ನಿಮ್ಮ ಮೊಮ್ಮಗಳು. ಈಗೀಗ ನಡೀತಾಳೆ.”

ಮೇಜಿನ ಮೇಲಿದ್ದ ಗಂಡನ ಫೋನನ್ನೇ ತಾಯಿ ಕೈಗೆತ್ತಿಕೊಂಡಳು. ಮಗಳ ನಂಬರು ಬಾಯಿಪಾಠವಾಗಿತ್ತು. ಆ ಕಡೆ ರಿಂಗಾಗತೊಡಗಿತು. ತಂದೆ ಮುಖವನ್ನು ಕಿಟಕಿಯತ್ತ ತಿರುಗಿಸಿದ. ಮೇಜಿನಡಿ ಅವನ ಬಲಗಾಲು ಬರಿಯ ನೆಲವನ್ನು ಒತ್ತಿ ಹಿಡಿದಿತ್ತು.