ಒಕ್‌ಬುನ್ ಸಾಕಿದ ನಾಯಿ

ಸಾರಿನ ಬಟ್ಟಲುಗಳಿದ್ದ ತಟ್ಟೆಯನ್ನು ಎತ್ತಿಕೊಂಡು ಸನ್‌ಜು ಮೇಜುಗಳ ನಡುವೆ ಬರುತ್ತಿದ್ದಾಗ ಹೆನಾಮ್ ದೊಡ್ಡಮ್ಮ ಅವಳ ಕಪ್ಪು ಲಂಗದ ಅಂಚು ಹಿಡಿದು ನಿಲ್ಲಿಸಿದಳು.

"ಮನೇಲಿ ನಾಯಿಗೆ ಯಾರಾದ್ರೂ ಅನ್ನ ಹಾಕಿದ್ರೇನೇ?"

"ಯಾವ ನಾಯಿ?" ಎಂದಳು ಸನ್‌ಜು. ಯಾವ ನಾಯಿಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹೋಗ್ಲಿ ಬಿಡು. ನನ್ನ ಮಗನಿಗೆ ಹೇಳ್ತೀನಿ."

ಮೊಕ್ಪೋದ ಆ ಅಂತ್ಯಸಂಸ್ಕಾರದ ಛತ್ರದಲ್ಲಿ, ಬಿಳಿ ಸೇವಂತಿಗೆಗಳ ನಡುವೆ, ಅವಳ ತಾಯಿ ಒಕ್‌ಬುನ್ ಫೋಟೋದಲ್ಲಿ ಬಾಯ್ತುಂಬ ನಗುತ್ತಿದ್ದಳು. ಸ್ನಾನದ ಮನೆಯೊಂದರಲ್ಲಿ ದುಡ್ಡು ಕೊಟ್ಟು ಬರುವ ಹೆಂಗಸರ ಮೈ ತಿಕ್ಕುವುದು ಅವಳ ಕೆಲಸ. ಮೊನ್ನೆ ಯಾರದೋ ಬೆನ್ನು ತಿಕ್ಕುತ್ತಲೇ ಕುಸಿದವಳು ಮತ್ತೆ ಏಳಲಿಲ್ಲ. ಅಲ್ಲೇ ಅವಳ ಜೊತೆ ಕೆಲಸ ಮಾಡುತ್ತಿದ್ದ ಹೆನಾಮ್ ದೊಡ್ಡಮ್ಮ ಹುಡುಕಿ ಕೊಟ್ಟ ಫೋಟೋ ಅದು. ಕೆಳಗಿನ ಮೂಲೆಯಲ್ಲಿ ನಾಯಿಯ ಹಳದಿ ಕಿವಿಯೊಂದು ಕತ್ತರಿಗೆ ಸಿಗದೆ ಉಳಿದಿತ್ತು. ಅಮ್ಮ ಹಾಗೆ ನಕ್ಕದ್ದನ್ನು ಸನ್‌ಜು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಪಕ್ಕದ ಮೇಜಿನಲ್ಲಿ ಸೋದರಮಾವ ಚುಲ್‌ಗು ಸೋಜು ಸಾರಾಯಿ ಬಗ್ಗಿಸಿಕೊಳ್ಳುತ್ತಿದ್ದ. "ಈ ಊರಿನ ಹೆಂಗಸರ ಬೆನ್ನೆಲ್ಲ ನಮ್ಮಕ್ಕನ ಕೈಕೆಲಸ. ಈಗ ಯಮರಾಯನನ್ನೇ ಬೋರಲು ಮಲಗಿಸಿಕೊಂಡು ತಿಕ್ತಿರ್ತಾಳೆ. ಪಾಪ, ಅವನ ಚರ್ಮ ಉಳಿಯಲ್ಲ."

ಸುತ್ತಲಿದ್ದವರು ನಕ್ಕರು. ಸನ್‌ಜು ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತಿದ್ದಳು.

*

ಆ ಕೈಗಳ ರುಚಿ ಅವಳಿಗೆ ಗೊತ್ತಿತ್ತು. ಗಂಡ ಬಿಟ್ಟುಹೋದ ಮೇಲೆ ಒಕ್‌ಬುನ್‌ಗೆ ಮಾತಿಗಿಂತ ಮೊದಲು ಕೈ ಬರತೊಡಗಿತ್ತು. ಅನ್ನ ಚೆಲ್ಲಿದರೆ ಏಟು, ಅದಕ್ಕೆ ಅತ್ತರೆ ಇನ್ನೊಂದು. ಸನ್‌ಜು ಹೊಲಿಗೆ ಯಂತ್ರದ ಕೆಳಗೆ ನುಸುಳಿ ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಅಮ್ಮ ಮಂಡಿಯೂರಿ, ಕಾಲು ಹಿಡಿದು, ಮೀನಿನ ಬುಟ್ಟಿ ಎಳೆದಂತೆ ಎಳೆಯುತ್ತಿದ್ದಳು. ಎಳೆದು ಹೊಡೆದಾದ ಮೇಲೆ ತಾನೇ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಹೈಸ್ಕೂಲು ಮುಗಿಯುವ ಮೊದಲೇ ಇಂಚನ್‌ಗೆ ಹೋಗಿ ಕಾರ್ಖಾನೆ ಸೇರಿದ ಮಗಳು ಹಬ್ಬಕ್ಕೂ ಬರುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಅಮ್ಮನ ಫೋನ್ ಬಂದಿತ್ತು.

"ಸನ್‌ಜೂ, ನಾಯಿಮರಿ ಇವತ್ತು ನನ್ನ ಕೈಯಿಂದ ತಿಂತು ಕಣೇ."

"ಅದಕ್ಕೆ?"

"ಏನಿಲ್ಲ. ತಿಂತು ಅಂತ ಹೇಳೋಣ ಅಂತ."

"ಮುಂದಿನ ಸಲ ಅದಕ್ಕೇ ಫೋನ್ ಮಾಡು," ಎಂದು ಸನ್‌ಜು ಇಟ್ಟುಬಿಟ್ಟಿದ್ದಳು. ಅಮ್ಮ ಮತ್ತೆ ಮಾಡಲಿಲ್ಲ.

*

ಚಿತಾಗಾರದಲ್ಲಿ ಬೂದಿಗೆ ಕಾಯುತ್ತ ಸನ್‌ಜು, ಹೆನಾಮ್ ದೊಡ್ಡಮ್ಮ ಇಬ್ಬರೂ ಬೆಂಚಿನ ಮೇಲೆ ಕುಳಿತಿದ್ದರು. ಎದುರಿನ ಗಾಜಿನಾಚೆ ಒಕ್‌ಬುನ್‌ಳ ಹೆಸರು ಕೆಂಪು ದೀಪದ ಅಕ್ಷರಗಳಲ್ಲಿ ಹೊಳೆಯುತ್ತಿತ್ತು.

"ಆ ನಾಯಿಮರಿನ ಯಾರೋ ಕೋಳಿ ಫಾರಂ ಹಿಂದೆ ಕಟ್ಟಿಹಾಕಿ ಮರೆತುಬಿಟ್ಟಿದ್ರು," ಎಂದಳು ದೊಡ್ಡಮ್ಮ, ಯಾರೂ ಕೇಳದಿದ್ದರೂ. "ಮರಿ ಬೆಳೀತು, ಕತ್ತಿನ ತಂತಿ ಬೆಳೀಲಿಲ್ಲ. ಮಾಂಸದೊಳಗೆ ಹೂತುಹೋಗಿತ್ತು. ನಿಮ್ಮಮ್ಮನೇ ಇಕ್ಕಳ ತಂದು ಕತ್ತರಿಸಿದ್ಲು. ತಳ ಹತ್ತಿದ ಅನ್ನದ ಬಣ್ಣ ಅಂತ ನುರುಂಜಿ ಅಂತ ಹೆಸರಿಟ್ಲು. ಮನೆಗೆ ತಂದ್ರೆ ಸೀದಾ ಹೊಲಿಗೆ ಯಂತ್ರದ ಕೆಳಗೆ. ಕೈ ಕಂಡ್ರೆ ಸಾಕು, ಉಚ್ಚೆ ಹೊಯ್ಕೊಳ್ಳೋದು."

"ಎಳೆದು ಹಾಕಿರ್ಬೇಕಲ್ಲ ಅಮ್ಮ?"

"ಇಲ್ಲ ಕಣೇ. ಪಕ್ಕದಲ್ಲೇ ನೆಲದ ಮೇಲೆ ಮಲಗೋಳು. ನೋಡಿದ್ರೆ ಹೆದರುತ್ತೆ ಅಂತ ಗೋಡೆ ಕಡೆ ಮುಖ. ಕೈ ಮಾತ್ರ ಬೆನ್ನ ಹಿಂದೆ ಚಾಚಿರೋಳು, ಅಂಗೈಲಿ ಬೇಯಿಸಿದ ಮೀನು. ಕೆಲಸದಿಂದ ಬಂದು ದಿನಾ ಅದೇ. ತೋಳು ಮರಗಟ್ಟಿ ಮಾರನೇ ದಿನ ತಿಕ್ಕೋಕೇ ಆಗ್ತಿರಲಿಲ್ಲ. ಹುಚ್ಚು ಹಿಡಿದಿದೆಯೇನೇ ಅಂತ ಬೈದೆ. 'ತಾನಾಗೇ ಬರಲಿ ಅಕ್ಕ, ಎಳೆದ್ರೆ ಬಂದದ್ದು ನಿಲ್ಲಲ್ಲ' ಅಂದ್ಲು."

ಸನ್‌ಜು ಆ ಕೆಂಪು ಅಕ್ಷರಗಳ ಕಡೆ ತಿರುಗಿದಳು. "ನನಗೋಸ್ಕರ ಒಂದು ಸಲ ಹಾಗೆ ಮಲಗಿದ್ರೆ ಸಾಕಿತ್ತು," ಎಂದಳು.

ದೊಡ್ಡಮ್ಮ ಕಿತ್ತಳೆಯೊಂದನ್ನು ಸುಲಿದು ಅವಳ ಕೈಗಿಟ್ಟಳು. ಸನ್‌ಜು ತಿನ್ನಲಿಲ್ಲ.

*

ಮಧ್ಯಾಹ್ನ ಅಮ್ಮನ ಮನೆಯ ಬಾಗಿಲು ತೆಗೆದಾಗ ನುರುಂಜಿ ಮೊದಲು ಹಿಂದೆ ಸರಿಯಿತು. ಆಮೇಲೆ ಹತ್ತಿರ ಬಂದು, ಸನ್‌ಜು ಕೈ ಮೂಸಿ, ಅವಳ ಪಾದಕ್ಕೆ ಬೆನ್ನು ಒತ್ತಿ ಕುಳಿತಿತು. ಅವಳು ಕಾಲು ಎಳೆದುಕೊಳ್ಳಲಿಲ್ಲ. ಅದನ್ನು ಮುಟ್ಟಲೂ ಇಲ್ಲ.

"ನೀನೇ ಕರ್ಕೊಂಡು ಹೋಗು," ಎಂದಳು ದೊಡ್ಡಮ್ಮ. "ನನ್ನ ಸೊಸೆ ಹೊಸಿಲು ದಾಟೋಕೆ ಬಿಡಲ್ಲ, ಇಲ್ದಿದ್ರೆ ನಾನೇ ಒಯ್ತಿದ್ದೆ."

"ನಾನಿರೋ ಕಡೆ ನಾಯಿ ಇಟ್ಕೊಳ್ಳೋ ಹಾಗಿಲ್ಲ."

ಇಂಚನ್‌ನಲ್ಲಿ ಅವಳು ಬಾಡಿಗೆಗಿದ್ದ ಮನೆಯ ಒಡತಿ ಮೇಲಿನ ಮಹಡಿಯಲ್ಲಿ ತಾನೇ ನಾಯಿ ಸಾಕಿದ್ದಳು.

"ನಮ್ಮೂರು ನಾಜುಗೆ ನಾನು ಒಯ್ತೀನಿ ಬಿಡಿ," ಎಂದ ಚುಲ್‌ಗು. "ಮರಸೇಬಿನ ತೋಟಕ್ಕೆ ಒಂದು ಬೇಕಿತ್ತು. ಗೇಟಿಗೆ ಕಟ್ಟಿಹಾಕಿದ್ರೆ ಆಯ್ತು."

"ಕಟ್ಟೋದಾ? ಅದರ ಕತ್ತು ನೋಡಿದ್ದೀಯೇನಪ್ಪ?"

"ನಾಯಿ ಅಂದ್ಮೇಲೆ ಕಟ್ಟದೆ ಮಡಿಲಲ್ಲಿ ಕೂರಿಸ್ಕೊಳ್ಲಾ ಅಕ್ಕ?"

ದೊಡ್ಡಮ್ಮ ಸನ್‌ಜು ಮುಖ ನೋಡಿದಳು. ಸನ್‌ಜು ಬೇಡವೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತು ಬಾಯಿತನಕ ಬಂತು ಕೂಡ. ಆದರೆ ಇದೇ ನೆಲದ ಮೇಲೆ ಇಡೀ ಚಳಿಗಾಲ ಈ ಪ್ರಾಣಿಗಾಗಿ ಚಾಚಿಕೊಂಡಿದ್ದ ಅಮ್ಮನ ಆ ಕೈ ಅವಳ ಕಣ್ಣಿಗೆ ಕಟ್ಟಿತು.

"ಒಯ್ಯಿ ಮಾವ," ಎಂದಳು.

ಚುಲ್‌ಗು ಗಾಡಿಯಿಂದ ಸರಪಳಿ ತಂದ. ಅದರ ಸದ್ದಿಗೆ ನಾಯಿ ಓಡಿ ಬಚ್ಚಿಟ್ಟುಕೊಳ್ಳುತ್ತದೆಂದು ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಳು. ಅದು ಓಡಲಿಲ್ಲ. ಅವನು ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದ್ದೇ ತಡ, ಎದ್ದು ಹೋಗಿ ಅವನೆದುರು ಕುಳಿತು, ಕಣ್ಣು ಮುಚ್ಚಿ, ಗದ್ದ ಮೇಲಕ್ಕೆತ್ತಿತು. ಕತ್ತಿನ ಸುತ್ತ ಕೂದಲಿಲ್ಲದ ಕಲೆ ಉಂಗುರದಂತೆ ಕಂಡಿತು.

"ಭಲೇ, ಬುದ್ಧಿ ಇದೆ ಇದಕ್ಕೆ," ಎಂದ ಚುಲ್‌ಗು.

"ಕತ್ತಿನ ಗಾಯಕ್ಕೆ ಮುಲಾಮು ಹಚ್ತಾರೆ ಅಂದ್ಕೊಂಡಿದೆ," ಎಂದಳು ದೊಡ್ಡಮ್ಮ. "ಹೀಗೆ ಕತ್ತೆತ್ತಿ ಕೂರೋದನ್ನ ಒಕ್‌ಬುನ್ನೇ ಕಲಿಸಿದ್ಲು."

ಸರಪಳಿಯ ಕೊಂಡಿ ತುಕ್ಕು ಹಿಡಿದಿತ್ತು. ಚುಲ್‌ಗು ಬೈದುಕೊಳ್ಳುತ್ತ ಅದನ್ನು ತಿರುಚಿದ, ಮತ್ತೆ ತಿರುಚಿದ. ಅವನ ಕೆಲಸ ಮುಗಿಯುವ ತನಕ ನುರುಂಜಿ ಕತ್ತು ಎತ್ತಿಕೊಂಡೇ ಕುಳಿತಿತ್ತು, ಬಾಲವನ್ನು ನೆಲಕ್ಕೆ ಮೆಲ್ಲಗೆ ಬಡಿಯುತ್ತ.