ಕೊಳೆಗಾಡಿಯ ಹೆಂಗಸರು

"ತಲೆಬಟ್ಟೆ ಬಿಚ್ಚಿ, ಒಬ್ಬೊಬ್ಳೂ. ತಲೆ ನೋಡ್ಬೇಕು. ಮುಖ ಯಾರಿಗೆ ಬೇಕು ನಿಮ್ದು?"

ಪತ್ತೇದಾರ ಲಾಂಡ್ರಿಯ ಗೇಟಿಗೆ ಅಡ್ಡ ನಿಂತು ನಮ್ಮನ್ನು ಸಾಲು ಹಚ್ಚಿದ್ದ. ಬೆಳಗಿನಿಂದ ಹಬೆಯಲ್ಲಿ ಬೆಂದು ಹೊರಬಿದ್ದವರು ನಾವು. ಮೈಮೇಲಿನ ಬಟ್ಟೆ ಇನ್ನೂ ಒದ್ದೆ, ಹೊರಗೆ ಬ್ರೂಕ್ಲಿನ್ನಿನ ಫೆಬ್ರವರಿಯ ಚಳಿ. ಪೆಲಾಗ್ಯಾ ಗಂಟು ಬಿಚ್ಚಲು ತಡ ಮಾಡಿದಳೆಂದು ಅವನೇ ಕೈಹಾಕಿ ಎಳೆದ. ನರೆತ ಜಡೆ ಬಿಚ್ಚಿಕೊಂಡು ಅವಳ ಬೆನ್ನಿಗೆ ಬಿತ್ತು.

"ಥೂ, ಮುದುಕಿ. ಮುಚ್ಕೋ," ಎಂದ.

ಗೆನ್ಯಾಳ ಸರದಿ ಬಂತು. ಬಟ್ಟೆ ಜಾರಿತು. ಕಿವಿಯ ಕೆಳಕ್ಕೆ ನಿಂತ ಕಪ್ಪು ತುಂಡುಕೂದಲು. ಅವನು ಪೆನ್ಸಿಲಿನಿಂದ ಅವಳ ಗದ್ದ ಎತ್ತಿ, ಜೊತೆಗೆ ಕರೆತಂದಿದ್ದ ದಿನಸಿ ಅಂಗಡಿಯವನ ಕಡೆಗೆ ತಿರುಗಿಸಿದ.

"ಇವ್ಳೇ ಅನ್ಸುತ್ತೆ ಸಾರ್. ಆವತ್ತು ಉದ್ದ ಕೋಟು ಹಾಕಿದ್ಲು."

"ಅನ್ಸುತ್ತೋ, ಇವ್ಳೇನೋ? ನೆಟ್ಟಗೆ ಹೇಳು."

"ಇವ್ಳೇ ಸಾರ್."

ಆ ಚಳಿಗಾಲವೆಲ್ಲ ಪತ್ರಿಕೆಗಳಿಗೆ ಒಂದೇ ಸುದ್ದಿ. ತುಂಡುಕೂದಲಿನವಳೊಬ್ಬಳು ಪಿಸ್ತೂಲು ಹಿಡಿದು ಅಂಗಡಿಗಳಿಗೆ ನುಗ್ಗಿ, ಗಲ್ಲಾ ಬಳಿದುಕೊಂಡು ಮಾಯವಾಗುತ್ತಿದ್ದಳು. ಹೆಣ್ಣೊಬ್ಬಳು ಊರಿನ ಪೊಲೀಸರಿಗೆಲ್ಲ ಮಣ್ಣು ಮುಕ್ಕಿಸುತ್ತಿದ್ದಾಳೆಂದು ಜನ ನಗುತ್ತಿದ್ದರು. ನಗು ನಿಲ್ಲಿಸಲು ಪೊಲೀಸರಿಗೆ ಒಬ್ಬಳು ಬೇಕಿತ್ತು, ಯಾರಾದರೂ ಸರಿ. ಸೇತುವೆಯಾಚೆಯ ದೊಡ್ಡ ಹೋಟೆಲುಗಳಲ್ಲಿ ಅದೇ ತುಂಡುಕೂದಲಿನ ಸಾಹುಕಾರ ಹುಡುಗಿಯರು ಮಂಡಿ ಕಾಣುವ ಲಂಗ ತೊಟ್ಟು, ಸರಕಾರ ಬಂದ್ ಮಾಡಿದ ಹೆಂಡವನ್ನೇ ಕುಡಿದು ಕುಣಿಯುತ್ತಿದ್ದರು. ಅವರ ತಲೆಯನ್ನು ಯಾರೂ ಪೆನ್ಸಿಲಿನಿಂದ ಎತ್ತಿ ನೋಡಲಿಲ್ಲ.

"ಗುರುವಾರ ಸಂಜೆ ಏಳೂವರೆಗೆ ಎಲ್ಲಿದ್ದೆ?"

"ಇಲ್ಲೇ, ರೋಲರ್ ಮುಂದೆ. ಇವ್ರೆಲ್ಲಾ ಇದ್ರು. ಬೇಕಾರೆ ಕೇಳಿ ಸಾಹೇಬ್ರೇ," ಎಂದಳು ಗೆನ್ಯಾ. ದನಿಯಲ್ಲಿ ಹೆದರಿಕೆಯೇ ಇರಲಿಲ್ಲ. ನಿಜ ಹೇಳಿದರೆ ಬಿಡುತ್ತಾರೆಂದು ನಂಬುವ ವಯಸ್ಸು.

ಪತ್ತೇದಾರ ನಮ್ಮನ್ನು ಕೇಳಲಿಲ್ಲ. ಮೆಟ್ಟಿಲ ಮೇಲೆ ಚುರುಟು ಸೇದುತ್ತಿದ್ದ ಧಣಿ ಹಾಲ್‌ಸ್ಟೆಡ್‌ನನ್ನು ಕೇಳಿದ.

"ಏಳೂವರೆಗಾ? ನಮ್ಮಲ್ಲಿ ಹೆಂಗಸ್ರು ಆರಕ್ಕೆ ಮನೆಗೆ. ಕಾನೂನು ಅಂದ್ರೆ ಕಾನೂನು. ಆವತ್ತೇ ತಪಾಸಣೆ ಸಾಹೇಬ್ರು ಬೇಯರ್ಡ್ ಬಂದು ನೋಡ್ಕೊಂಡು ಹೋಗಿದಾರೆ, ಅವರನ್ನೇ ಕೇಳಿ."

ಗೆನ್ಯಾ ನಮ್ಮ ಕಡೆ ನೋಡಿದಳು. ಒಬ್ಬಳೂ ತುಟಿ ಬಿಚ್ಚಲಿಲ್ಲ. ಅವಳನ್ನು ಮೋಟಾರಿಗೆ ತಳ್ಳಿಕೊಂಡು ಹೋದರು.

ಆ ಗುರುವಾರ ಏನಾಯಿತೆಂದು ಹೇಳುತ್ತೇನೆ, ಬೇಕಾದರೆ ಮೂಗು ಮುಚ್ಚಿಕೊಂಡು ಕೇಳಿ. ಹೆಂಗಸರನ್ನು ಆರರ ಮೇಲೆ ದುಡಿಸಬಾರದೆಂದು ನಮ್ಮನ್ನು ಕಾಪಾಡಲು ಒಂದು ಕಾನೂನು ಇತ್ತು. ಹೋಟೆಲಿನ ಹಾಸುಗಳು ಬೆಳಗಾಗುವುದರೊಳಗೆ ಬೇಕೆಂದು ನಮ್ಮನ್ನು ದುಡಿಸಲು ಒಬ್ಬ ಧಣಿ ಇದ್ದ. ತಪಾಸಣೆಯವನು ಬರುವ ಸುಳಿವು ಸಿಕ್ಕರೆ ಧಣಿ ಗಂಟೆ ಬಾರಿಸುತ್ತಿದ್ದ. ನಾವು ಹಾಸು ಇಸ್ತ್ರಿ ಮಾಡುವ ರೋಲರು ಬಿಟ್ಟು ಕೊಳೆಗಾಡಿಗೆ ಹಾರಬೇಕು. ಒಗೆಯಲು ಬಂದ ಬಟ್ಟೆ ತುಂಬಿಡುವ ಚಕ್ರದ ಗಾಡಿಗಳವು, ಎಮ್ಮೆ ಮಲಗುವಷ್ಟು ದೊಡ್ಡವು. ಒಳಗೆ ಹೋಟೆಲಿನ ಹಾಸು, ಆಸ್ಪತ್ರೆಯ ಹಾಸು. ಯಾರದೋ ವಾಂತಿ, ಯಾರದೋ ಹೆರಿಗೆಯ ರಕ್ತ, ಮದುವೆಯಾಗದವರು ಮಲಗೆದ್ದ ಒದ್ದೆ, ಮುದುಕರ ಹೇಲು. ಅದನ್ನೇ ತಲೆಯ ಮೇಲೆ ಎಳೆದುಕೊಂಡು ಉಸಿರು ಬಿಗಿಹಿಡಿದು ಮಲಗಬೇಕು. ಅಲ್ಲಿಂದಲೇ ಹೇನು ಹತ್ತುತ್ತಿತ್ತು. ಗೆನ್ಯಾ ಕೂದಲು ಕತ್ತರಿಸಿಕೊಂಡದ್ದು ಹೇನಿಗೆ ರೋಸಿ. ಕತ್ತರಿಸಿದ್ದು ನಾನೇ, ನನ್ನ ಅಡಿಗೆಮನೆಯಲ್ಲಿ. ಆಮೇಲೆ ಕೆಟಲಿನ ಹೊಟ್ಟೆಯಲ್ಲಿ ಮುಖ ನೋಡಿಕೊಂಡು, "ಅಕ್ಕಾ, ಕತ್ತು ಎಷ್ಟು ಹಗುರಾಗದೆ ನೋಡು," ಎಂದು ನಕ್ಕಿದ್ದಳು. ಮುಂದಿನ ಭಾನುವಾರ ಒಬ್ಬಳೇ ಹೋಗಿ ಕುಣಿದು ಬಂದಳು. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಆ ಗುರುವಾರ ಏಳು ದಾಟಿದ ಮೇಲೆ ಗಂಟೆ ಹೊಡೆದಾಗ ನಾವಿಬ್ಬರೂ ಒಂದೇ ಗಾಡಿಯಲ್ಲಿದ್ದೆವು. ಬೇಯರ್ಡ್ ಬೆತ್ತದಿಂದ ಬಟ್ಟೆ ತಿವಿಯುತ್ತ ಬಂದ. ಬೆತ್ತದ ತುದಿ ಗೆನ್ಯಾಳ ತೊಡೆಗೆ ನಾಟಿತು. ಅವಳು ನನ್ನ ತೋಳು ಕಚ್ಚಿ ಹಿಡಿದಳು, ಹೂಂ ಎನ್ನಲಿಲ್ಲ. ಅವನು ಅಲ್ಲೇ ಇನ್ನೊಮ್ಮೆ ಒತ್ತಿದ. ಬಟ್ಟೆ ಯಾವುದು, ಮಾಂಸ ಯಾವುದು ಎಂದು ಬೆತ್ತ ಹಿಡಿದವನಿಗೆ ತಿಳಿಯದೇ?

"ಬಟ್ಟೆ ದಪ್ಪಗಿದೆ ಹಾಲ್‌ಸ್ಟೆಡ್, ಚೆನ್ನಾಗಿ ದಪ್ಪಗಿದೆ," ಎಂದು ನಕ್ಕ. ಧಣಿಯೂ ನಕ್ಕ. ಟವೆಲಿನಲ್ಲಿ ಸುತ್ತಿದ ವಿಸ್ಕಿ ಬಾಟಲು ಕಂಕುಳಲ್ಲಿಟ್ಟುಕೊಂಡು ಹೋದ ಅಂತ ಬಾಗಿಲ ಹತ್ತಿರದ ಗಾಡಿಯಲ್ಲಿದ್ದ ಪೆಲಾಗ್ಯಾ ಆಮೇಲೆ ಹೇಳಿದಳು.

ಗೆನ್ಯಾಳನ್ನು ಹಿಡಿದೊಯ್ದ ಮರುದಿನ ಪೆಲಾಗ್ಯಾ, ನಾನು ಠಾಣೆಗೆ ಹೋದೆವು. ಗೆನ್ಯಾಳನ್ನು ಕೂರಿಸಿದ್ದ ಕೋಣೆ ಮದುವೆಮನೆಯ ಹಾಗೆ ಗಿಜಿಗುಡುತ್ತಿತ್ತು. ಪತ್ರಿಕೆಯವರು ಅವಳಿಗೆ ಯಾರದೋ ತುಪ್ಪಳದ ಕೋಟು ತೊಡಿಸಿ, ತುಟಿಗೆ ಕೆಂಪು ಬಳಿದು, ಗುಂಡಿಲ್ಲದ ಪಿಸ್ತೂಲು ಹಿಡಿಸಿದ್ದರು.

"ಮಂಡಿ ಸ್ವಲ್ಪ ಕಾಣ್ಲಿ ರಾಣಿ. ಹಾಂ, ಹಾಗೆ. ಈಗ ಒಂಚೂರು ನಗು."

ಗೆನ್ಯಾ ನಗಲಿಲ್ಲ. ಪೊಲೀಸಿನವನೊಬ್ಬ ಅವಳ ಕೆನ್ನೆ ಹಿಂಡಿ ಬಾಯಿ ಅಗಲಿಸಿದ. ದೀಪ ಫಳಕ್ಕೆಂದಿತು. ಎಲ್ಲರೂ ಗೊಳ್ಳೆಂದು ನಕ್ಕರು.

ನನ್ನನ್ನು ಕಂಡದ್ದೇ ಅವಳು ಕೈಯಲ್ಲಿದ್ದುದನ್ನು ಕೆಳಗೆ ಹಾಕಿದಳು. "ಅಕ್ಕಾ, ಬೆತ್ತ ಚುಚ್ಚಿದ್ ಗಾಯ ತೋರ್ಸುದ್ರೆ ನಂಬ್ತಾರೆ ಅಂತ ತೋರಿಸ್ದೆ. ಅದ್ನೂ ಫೋಟೋ ತಗಂಡ್ರು. ಇನ್ನೂ ಮೇಲಕ್ಕೆತ್ತು ಅಂದ್ರು."

ಪತ್ತೇದಾರನ ಮೇಜಿನ ಮುಂದೆ ಹೋಗಿ ನಿಂತು, ನಾವು ಹನ್ನೊಂದು ಜನವೂ ಇವಳ ಜೊತೆ ಕೊಳೆಗಾಡಿಯಲ್ಲಿದ್ದೆವು ಎಂದು ಹೇಳಿದೆ.

ಅವನು ಕುರ್ಚಿ ಹಿಂದಕ್ಕೆ ಸರಿಸಿದ. "ಅದಕ್ಕೇ ಈ ವಾಸನೆ. ಹೇಲಲ್ಲಿ ಹೂತ್ಕೊಂಡಿದ್ದೆ ಅಂತ ಕೋರ್ಟಲ್ಲಿ ಪ್ರಮಾಣ ಮಾಡ್ತೀಯ? ಅಲ್ಲಿ ಹೆಂಗಸು ಅನ್ನೋ ಪ್ರಾಣೀನೇ ಇರ್ಲಿಲ್ಲ ಅಂತ ಸರಕಾರಿ ಮನುಷ್ಯ ಹೇಳಿದಾನೆ. ಅವನ್ನ ಬಿಟ್ಟು ನಿನ್ನ ನಂಬಬೇಕಾ ನಾನು? ಸುಮ್ನೆ ಒಪ್ಕೋ ಅನ್ನು ಇವ್ಳಿಗೆ. ಜೂರಿಲಿ ಕೂರೋರು ಎಲ್ಲ ಗಂಡಸ್ರು. ಚೆಂದಾಗಿ ಅತ್ತರೆ ಕರಗ್ತಾರೆ. ಒಪ್ಪಲಿಲ್ಲ ಅಂದ್ರೆ ಹಲ್ಲುದುರೋವರೆಗೂ ಜೈಲು."

"ನಾ ಕದ್ದಿಲ್ಲ," ಎಂದಳು ಗೆನ್ಯಾ. "ಒಪ್ಪಲ್ಲ."

ಕೋರ್ಟು ಪುಕ್ಕಟೆ ಕೊಟ್ಟ ಎಳೆಯ ವಕೀಲನೊಬ್ಬ ಜಗಲಿಯಲ್ಲಿ ನಮ್ಮನ್ನು ತಡೆದ. "ನೋಡಮ್ಮ, ಶನಿವಾರ ಸಂಜೆ ಬೇಯರ್ಡ್ ಇನ್ನೊಂದ್ಸಲ ಲಾಂಡ್ರಿಗೆ ಹೋಗಿ ನೋಡ್ಬೇಕು ಅಂತ ಜಡ್ಜ್ ಹತ್ರ ಹೇಳಿಸಿದೀನಿ. ಆರರ ಮೇಲೆ ಹೆಂಗಸ್ರು ರೋಲರ್ ಮುಂದೆ ನಿಂತಿದ್ದು ನೋಡ್ದೆ ಅಂತ ಅವರ ಬಾಯಲ್ಲೇ ಬಂದ್ರೆ, ನಿಮ್ಮ ಮಾತಿಗೂ ಬೆಲೆ ಬರುತ್ತೆ. ಇಲ್ಲಾಂದ್ರೆ ಸೋಮವಾರ ವಿಚಾರಣೇಲಿ ನಾನೇನೂ ಮಾಡಕ್ಕಾಗಲ್ಲ."

"ಈ ದೇಶದ ಕಾಗದ ಸಿಕ್ಕಿದ್ ಮೇಲೆ ನಮ್ಗೂ ಓಟು ಕೊಡ್ತಾರಂತೆ," ಎಂದಳು ಪೆಲಾಗ್ಯಾ ದಾರಿಯಲ್ಲಿ. "ಯಾವ ಬೋಳಿಮಗನಿಗೆ ಹಾಕದು?"

ಗೆನ್ಯಾಳ ಗುಣ ಒಳ್ಳೆಯದೆಂದು ನಮ್ಮ ಗುರುಗಳು ವ್ಯಾಲೆರಿಯನ್ ಬಂದು ಕೋರ್ಟಿನಲ್ಲಿ ಒಂದು ಮಾತು ಹೇಳಲಿ ಎಂದು ಇಗರ್ಜಿಗೂ ಹೋದೆ. ಅವರು ಊಟಕ್ಕೆ ಕುಳಿತಿದ್ದರು. ಕೋಸು, ಹಂದಿಮಾಂಸ. ಎದ್ದೇಳಲಿಲ್ಲ, ನನ್ನನ್ನು ಕೂರಿಸಲೂ ಇಲ್ಲ.

"ಕೂದಲು ಹೆಣ್ಣಿಗೆ ದೇವರು ಹೊದಿಸಿದ ಮುಸುಕು, ಬ್ರೊನ್ಯಾ. ಅದನ್ನೇ ಕಿತ್ತೆಸೆದವಳು ಇನ್ನೇನು ಮಾಡಲಿಕ್ಕಿಲ್ಲ? ಕುಣಿಯಲು ಹೋಗುತ್ತಿದ್ದಳಂತೆ."

"ಹೇನಿಗೆ ಕತ್ತರಿಸಿದ್ದು ಗುರುಗಳೇ. ಕತ್ತರಿಸಿದೋಳು ನಾನು."

ಅವರು ತಟ್ಟೆಯನ್ನು ಆಚೆ ಸರಿಸಿಕೊಂಡರು. ನನ್ನ ತಲೆಯಿಂದ ಏನಾದರೂ ಹಾರಿ ಬರುತ್ತದೆಂದಿರಬೇಕು. "ಅಂಥ ಹುಡುಗಿಗೆ ಇಗರ್ಜಿ ಜವಾಬ್ದಾರಿ ಹೊರುವುದಿಲ್ಲ. ಪಶ್ಚಾತ್ತಾಪ ಪಡಲಿ, ಪ್ರಾರ್ಥನೆ ಮಾಡೋಣ."

ಸುಮ್ಮನೆ ಬರಬಹುದಿತ್ತು, ಬಾಯಿ ತಡೆಯಲಿಲ್ಲ. "ನಿಮ್ಮ ಹಾಸಿಗೆ ಬಟ್ಟೆನೂ ನಮ್ಮಲ್ಲಿಗೇ ಬತ್ತದೆ ಗುರುಗಳೇ. ಒಗೆಯೋರಿಗೆ ಎಲ್ಲಾ ಗೊತ್ತಾಯ್ತದೆ. ನಾವು ಯಾರಿಗೂ ಹೇಳಿಲ್ಲ, ಅಷ್ಟೆ."

ಅವರ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಾನು ಬಾಗಿಲು ಮುಚ್ಚದೆ ಬಂದೆ, ಚಳಿ ಒಳಗೆ ಹೋಗಲಿ ಎಂದು.

ಶನಿವಾರ ಹೋಟೆಲಿನಿಂದ ರಾಶಿ ಹಾಸು ಬಂದಿತ್ತು. ಇಂಥ ದಿನವಾದರೂ ಧಣಿ ನಮ್ಮನ್ನು ಆರಕ್ಕೆ ಬಿಡುತ್ತಾನೆಂದರೆ, ಊಹೂಂ. ಬೇಯರ್ಡ್‌ನ ಮೇಲೆ ಅವನಿಗಿದ್ದ ನಂಬಿಕೆ ಅಂಥದ್ದು. ನಮ್ಮ ಮೇಲೂ ಇತ್ತು.

"ಇವತ್ತು ಗಂಟೆ ಹೊಡೀತೀನಿ. ಹಾರಿ, ಮುಚ್ಕೊಳ್ಳಿ, ಉಸಿರೆತ್ತಬೇಡಿ. ತಲೆ ತೋರಿಸಿದವಳಿಗೆ ಈ ಊರಿನ ಯಾವ ಲಾಂಡ್ರೀಲೂ ಕೆಲಸ ಸಿಗದ ಹಾಗೆ ಮಾಡ್ತೀನಿ," ಎಂದು ಹೇಳಿ ಮೇಲೆ ಹೋದ.

"ನಾನು ಹಾರಲ್ಲ," ಎಂದೆ.

ರೋಲರು ಉರುಳುತ್ತಲೇ ಇತ್ತು. ಕೊನೆಗೆ ಪೆಲಾಗ್ಯಾ, "ನಿಂಗೇನವ್ವ, ಒಂಟಿ ಜೀವ. ನಂಗೆ ಮೂರು ಮಕ್ಳು. ಗಂಡ ಕೈ ಕಳ್ಕಂಡು ಮನೇಲಿ ಕುಂತವ್ನೆ," ಎಂದಳು.

"ಗೊತ್ತು ಕಣೇ. ಆದ್ರೆ ಆವತ್ತು ನಾವು ಮುಚ್ಕಂಡಿದ್ದಕ್ಕೇ ಆ ಮಗೀನ ಬಾಯಿ ಮುಚ್ಚೋಯ್ತು. ಇವತ್ತೂ ಮುಚ್ಕಂಡ್ರೆ ಅವ್ಳು ಜೈಲಲ್ಲೇ ಮುದುಕಿ ಆಯ್ತಾಳೆ."

"ಬೈಬೇಡ ನನ್ನ," ಎಂದಳು ಪೆಲಾಗ್ಯಾ. ನಾನು ಬೈದಿರಲಿಲ್ಲ.

ಗಂಟೆ ಹೊಡೆಯಿತು. ಹೆಂಗಸರು ಲಂಗ ಎತ್ತಿಕೊಂಡು ಗಾಡಿಗಳಿಗೆ ಹಾರಿದರು. ಪೆಲಾಗ್ಯಾ ಎಲ್ಲರಿಗಿಂತ ಮೊದಲು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಡೀ ಶೆಡ್ಡಿನಲ್ಲಿ ಬರಿಯ ಬಟ್ಟೆಯ ರಾಶಿ, ಹಬೆ, ನಾನು. ರೋಲರಿಗೆ ಹಾಸು ಕೊಡುತ್ತ ನಿಂತೆ.

ಬೇಯರ್ಡ್ ಬೆತ್ತ ಆಡಿಸುತ್ತ ಬಂದ, ಹಿಂದೆ ಧಣಿ. ಬಂದವನು ನನ್ನಿಂದ ಕೈಯಳತೆಯಲ್ಲಿ ನಿಂತ. ನನ್ನ ಮುಖ ನೋಡಿದ, ಕೈ ನೋಡಿದ, ಹಬೆಯಾಡುತ್ತ ಹೊರಬೀಳುತ್ತಿದ್ದ ಹಾಸನ್ನೂ ನೋಡಿದ.

"ಯಾರೂ ಇಲ್ಲ," ಎಂದ ಧಣಿಗೆ. "ಎಲ್ಲ ಸರಿಯಾಗಿದೆ."

ಎದುರಿಗೆ ನಿಂತ ಜೀವವನ್ನು ನೋಡುತ್ತ ನೋಡುತ್ತಲೇ ಯಾರೂ ಇಲ್ಲ ಎನ್ನುವ ಬಾಯಿಯನ್ನು ನಾನು ಆವರೆಗೆ ಕಂಡಿರಲಿಲ್ಲ. ಅಷ್ಟು ವರ್ಷ ಆ ಗಾಡಿಯೊಳಗೆ ಮಲಗಿದ್ದರೂ ಅಂಥ ಹೇಸಿಗೆ ಆಗಿರಲಿಲ್ಲ.

"ನಾನಿವ್ನಿ ಸ್ವಾಮಿ," ಎಂದೆ.

"ನೆಲ ಒರೆಸೋಳು," ಎಂದ ಧಣಿ. "ಹೊರಟಿದಾಳೆ."

ನಾನು ಅವರನ್ನು ದಾಟಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಎಣಿಸಯ್ಯ. ಎಣಿಸ್ದೆ ಹೋಗಂಗಿಲ್ಲ."

"ದಾರಿ ಬಿಡೇ ಮುಂಡೆ. ಈ ಗಳಿಗೆಯಿಂದ ನಿಂಗೆ ಕೆಲಸ ಇಲ್ಲ," ಎಂದ ಧಣಿ.

"ಹೋಯ್ತಲ್ಲ ಕೆಲ್ಸ. ಇನ್ನೇನು ಕಿತ್ಕತೀಯ ನನ್ನ ಹತ್ರ?"

ಬೇಯರ್ಡ್‌ಗೆ ಸಿಟ್ಟೂ ಬರಲಿಲ್ಲ. "ಆಯ್ತು, ಒಬ್ಬಳು ಅಂತ ಹೇಳ್ತೀನಿ. ನೆಲ ಒರೆಸೋಳು ಒಬ್ಬಳಿದ್ಲು. ಅದರಿಂದ ನಿನ್ನ ಕಳ್ಳಿಗೆ ಏನು ಬಂತು?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಾನೊಬ್ಬಳು ನಿಂತು ಏನೂ ಆಗುವಂತಿರಲಿಲ್ಲ. ಗಾಡಿಗಳತ್ತ ನೋಡಿದೆ. ಒಂದೂ ಮಿಸುಕಲಿಲ್ಲ.

"ಪೆಲಾಗ್ಯಾ," ಎಂದು ಕೂಗಿದೆ, "ಎಷ್ಟೊತ್ತೇ ಮಲಗ್ತೀಯ ಆ ಹೇಲಲ್ಲಿ? ಗೆನ್ಯಾ ಮಾಡಿದ್ ತಪ್ಪಾದ್ರೂ ಏನೇ?"

ಧಣಿ ನನ್ನ ಜುಟ್ಟು ಹಿಡಿದು ಬಾಗಿಲಿನಿಂದ ಎಳೆಯತೊಡಗಿದ. ನಾನು ಚೌಕಟ್ಟು ಹಿಡಿದುಕೊಂಡೆ. ಆಗ ಗೋಡೆ ಪಕ್ಕದ ಗಾಡಿ ಕಿರ್ ಎಂದಿತು. ಹಾಸುಗಳು ಉಬ್ಬಿದವು. ಪೆಲಾಗ್ಯಾಳ ನರೆತ ತಲೆ ಮೇಲೆದ್ದಿತು. ಭುಜಕ್ಕೆ ರಕ್ತದ ಕಲೆಯ ದಿಂಬಿನ ಚೀಲ ಅಂಟಿಕೊಂಡಿತ್ತು. ಅವಳು ಅಳುತ್ತಿದ್ದಳು.

"ಕೈ ಬಿಡೋ ಅವ್ಳ ಮೇಲಿಂದ," ಎಂದಳು ಧಣಿಗೆ. "ಇಬ್ರು ಅಂತ ಹೇಳಯ್ಯ, ಸಾಹೇಬ. ನಾನು ನೆಲ ಒರೆಸೋಳಲ್ಲ. ಹಾಸು ಮಡಚೋಳು."

ಎರಡನೆಯ ಗಾಡಿ ಅಲುಗಿತು. ಬೇಯರ್ಡ್ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತ, ಕಾಣದಿದ್ದರೆ ಹೇಳಬೇಕಿಲ್ಲವಲ್ಲ. ಧಣಿ ನನ್ನನ್ನು ಬಿಟ್ಟು ಓಡಿಹೋಗಿ ದೀಪ ಆರಿಸಿದ.

ಕತ್ತಲಾಯಿತು. ಕತ್ತಲಲ್ಲಿ ಗಾಡಿಗಳು ಒಂದಾದ ಮೇಲೊಂದು ಕಿರುಗುಟ್ಟಿದವು. ಒದ್ದೆ ಹಾಸುಗಳು ದೊಪ್ಪ ದೊಪ್ಪನೆ ನೆಲಕ್ಕೆ ಬೀಳತೊಡಗಿದವು. ನಾತ ಎದ್ದು ಬಂತು. ಬೇಯರ್ಡ್ ಓಕರಿಸುವುದು ಕೇಳಿಸಿತು. ಬರಿಗಾಲುಗಳು ಸಿಮೆಂಟಿನ ಮೇಲೆ ನಡೆದು ಅವನ ಸುತ್ತ ಬಂದು ನಿಂತವು. ನಾನು ಬೆನ್ನ ಹಿಂದೆ ತಡಕಾಡಿ ಬಾಗಿಲಿಗೆ ಅಗುಳಿ ಹಾಕಿದೆ.