ಅತ್ತೆಗೆ ಎಚ್ ಇದೆಯಾ?

ರಕ್ತ ಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿದ್ದ ಸೊಸೆಗೆ ಮನೆಯಿಂದ ಫೋನ್ ಬಂದಾಗ ಮಧ್ಯಾಹ್ನ ಒಂದೂ ಇಪ್ಪತ್ತು. ಎದುರಿಗೆ ಅಂಗಿಯ ತೋಳು ಮಡಚಿಕೊಂಡು ಕೂತ ಒಬ್ಬರು, ಅವರ ಹಿಂದೆ ಚೀಟಿ ಹಿಡಿದ ಏಳು ಜನ.

“ಲ್ಯಾಪ್‌ಟಾಪಿಗೆ ವೈಫೈ ಕನೆಕ್ಟ್ ಆಗ್ತಿಲ್ಲ ಕಣೇ,” ಎಂದರು ಅತ್ತೆ. “ಪಾಸ್‌ವರ್ಡ್ ಕೇಳ್ತಿದೆ.”

ಸೊಸೆ ಗಡಿಯಾರ ನೋಡಿದಳು.

ಅತ್ತೆ ಕೋರ್ಟಿನಲ್ಲಿ ಮೂವತ್ತಾರು ವರ್ಷ ಟೈಪಿಸ್ಟ್ ಆಗಿದ್ದವರು. ನಿವೃತ್ತಿಯಾದ ಮೇಲೆ ಆ ಬೆರಳುಗಳಿಗೆ ಯಾರೂ ಒಂದು ಕೆಲಸ ಹೇಳಿರಲಿಲ್ಲ. ಈಗ ಪ್ರಕಾಶನವೊಂದು ಹಳೆಯ ಕೈಬರಹಗಳನ್ನು ಟೈಪ್ ಮಾಡಿಕೊಡುವವರನ್ನು ಹುಡುಕುತ್ತಿತ್ತು. ಎರಡು ಗಂಟೆಗೆ ಸರಿಯಾಗಿ ಆನ್‌ಲೈನ್ ಪರೀಕ್ಷೆ. ತಡವಾದರೆ ಕೆಲಸ ಪಟ್ಟಿಯಲ್ಲಿದ್ದ ಮುಂದಿನವರ ಪಾಲು. ಅತ್ತೆ ಒಂದು ವಾರದಿಂದ ಊಟದ ಮೇಜಿನ ಮೇಲೆಲ್ಲ ಬೆರಳು ಆಡಿಸುತ್ತಿದ್ದರು. ಹೊಸ ಲ್ಯಾಪ್‌ಟಾಪಿಗೆ ವೈಫೈ ಹಾಕಿಕೊಡುತ್ತೇನೆಂದು ಸೊಸೆ ಮೂರು ದಿನದಿಂದ ಇವತ್ತು ನಾಳೆ ಎನ್ನುತ್ತ ಬಂದು, ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದಳು.

ಬರೀ ಮರೆವಾಗಿದ್ದರೆ ಪಾಸ್‌ವರ್ಡ್ ಹೇಳಿ ಮುಗಿಸಬಹುದಿತ್ತು. ಆದರೆ ಅದನ್ನು ಇಟ್ಟವಳು ಅವಳೇ, ಮೂರು ವರ್ಷದ ಹಿಂದೆ, ಅತ್ತೆಯೊಡನೆ ಮಾತಿಗೆ ಮಾತು ಬೆಳೆದ ಒಂದು ದಿನ. ಅಕ್ಷರ ಇಂಗ್ಲಿಷಿನವು, ಅರ್ಥ ಮಾತ್ರ ಅಚ್ಚಗನ್ನಡ: ಕಿರಿಕಿರಿ ಅತ್ತೆ.

ಅದನ್ನು ಯಾವ ಬಾಯಿಂದ ಹೇಳುವುದು?

“ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅತ್ತೆ,” ಎಂದಳು.

ಕುರ್ಚಿ ಎಳೆದ ಸದ್ದು ಕೇಳಿಸಿತು. ರೌಟರ್ ಇದ್ದದ್ದು ಕಪಾಟಿನ ಮೇಲೆ. ಅತ್ತೆಗೆ ಮೊಣಕಾಲು ನೋವು. ಹತ್ತಿದರು, ಇಳಿದರು. “ಹಸಿರು ದೀಪ ಬಂತು. ಆದ್ರೂ ಪಾಸ್‌ವರ್ಡೇ ಕೇಳ್ತಿದೆ.”

“ಲ್ಯಾಪ್‌ಟಾಪ್ ಆಫ್ ಮಾಡಿ ನೋಡಿ.” ಅದೂ ಆಯಿತು. “ರೌಟರ್ ಹತ್ರ ತಗೊಂಡು ಹೋಗಿ.” ಅದೂ ಆಯಿತು. ಕೀಲಿ ತನ್ನ ಜೇಬಿನಲ್ಲೇ ಇಟ್ಟುಕೊಂಡು, ಕದ ತಳ್ಳಿ ನೋಡಿ, ಚಿಲಕ ಅಲ್ಲಾಡಿಸಿ ನೋಡಿ ಎಂದ ಹಾಗಿತ್ತು ಅವಳ ಉಪಚಾರ.

“ಮುಷ್ಟಿ ಬಿಗಿ ಮಾಡಿ,” ಎಂದಳು, ಸೂಜಿ ಹಿಡಿದು.

“ನಾನಾ?” ಎಂದರು ಅತ್ತೆ.

“ನೀವಲ್ಲ ಅತ್ತೆ!”

ಗಂಡನಿಗೆ ಫೋನ್ ಮಾಡಿ ನೋಡಿದಳು. ಅವನು ಬಸ್ ಓಡಿಸುವವನು, ಡ್ಯೂಟಿಯಲ್ಲಿ ಫೋನ್ ಬಂದ್. ಅತ್ತೆಯದೋ ಬಟನ್ ಫೋನು, ಅದರಿಂದ ನೆಟ್ ಕೊಡುವ ಹಾಗೂ ಇಲ್ಲ. ಗಂಟೆ ಒಂದೂ ನಲವತ್ತೆಂಟಾಯಿತು. ಮತ್ತೆ ಅತ್ತೆಯ ಫೋನು.

“ಪಾಸ್‌ವರ್ಡ್ ನಿನಗೂ ನೆನಪಿಲ್ವಾ?”

“ಇಲ್ಲ ಅತ್ತೆ. ಲ್ಯಾಪ್‌ಟಾಪಲ್ಲೇ ಏನೋ ದೋಷ ಇರ್ಬೇಕು.” ಹಸಿ ಸುಳ್ಳು.

“ಹೋಗ್ಲಿ ಬಿಡು,” ಎಂದರು ಅತ್ತೆ. “ನಾನೇ ಏನೋ ಒತ್ತಿ ಕೆಡಿಸಿರ್ಬೇಕು. ಈ ವಯಸ್ಸಲ್ಲಿ ನನಗ್ಯಾಕೆ ಬೇಕಿತ್ತು ಇದೆಲ್ಲ. ನೀನು ಕೆಲಸ ನೋಡ್ಕೋ, ಜನ ಕಾಯ್ತಿರ್ತಾರೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ತನ್ನ ತಪ್ಪನ್ನು ಅತ್ತೆ ತಮ್ಮ ತಲೆಯ ಮೇಲೆ ಎಳೆದುಕೊಂಡದ್ದು ಕೇಳಿ ಸೊಸೆಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಇಡಬೇಡಿ ಅತ್ತೆ. ನೆನಪಾಯ್ತು. ಒಂದೊಂದೇ ಒತ್ತುತ್ತಾ ಹೋಗಿ.”

ಕೌಂಟರಿಗೆ ಬೆನ್ನು ಹಾಕಿ, ಬಾಯಿಗೆ ಕೈ ಅಡ್ಡ ಹಿಡಿದು ಶುರುಮಾಡಿದಳು. ಕೆ, ಐ, ಆರ್, ಐ. ಮತ್ತೆ ಕೆ, ಐ, ಆರ್, ಐ. ಅತ್ತೆ ಒಂದೊಂದನ್ನೂ ತಿರುಗಿ ಹೇಳುತ್ತ ಒತ್ತಿದರು. ಟೈಪಿಸ್ಟರು ಅಕ್ಷರ ನೋಡುತ್ತಾರೆಯೇ ಹೊರತು ಅರ್ಥ ನೋಡುವುದಿಲ್ಲ ಎಂಬುದೊಂದೇ ಸೊಸೆಗಿದ್ದ ಆಸೆ. ಕೊಲೆ ಕೇಸಿನ ತೀರ್ಪು ಟೈಪ್ ಮಾಡಿ ಮನೆಗೆ ಬಂದು, ಏನಾಯ್ತು ಎಂದು ಕೇಳಿದರೆ, “ಹನ್ನೆರಡು ಪುಟ ಆಯ್ತು” ಎನ್ನುತ್ತಿದ್ದವರಲ್ಲವೇ ಅತ್ತೆ! ಆ ಆಸೆಗೇ ಜೋತುಬಿದ್ದು ಉಳಿದ ಅಕ್ಷರಗಳನ್ನು ಅರ್ಧ ಆಡಿ ಅರ್ಧ ನುಂಗಿದಳು.

“ತಪ್ಪು ಅಂತಿದೆ,” ಎಂದರು ಅತ್ತೆ. ಆಮೇಲೆ, ಕೋರ್ಟಿನಲ್ಲಿ ಗುಮಾಸ್ತರನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದರು: “ಕಿರಿಕಿರಿ ಸರಿ ಇದೆ. ಅತ್ತೆಗೆ ಎಚ್ ಇದೆಯಾ? ಕೆಲವರು ಟಿ ಆದ್ಮೇಲೆ ಎಚ್ ಹಾಕ್ತಾರೆ.”

ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು ಸೊಸೆಗೆ.

“ಇದೆ,” ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

“ಜೋರಾಗಿ ಹೇಳು.”

“ಇದೆ ಅತ್ತೆ. ಎರಡು ಟಿ, ಒಂದು ಎಚ್, ಆಮೇಲೆ ಇ.”

“ಹಾಂ, ಬಂತು. ಇಡ್ತೀನಿ,” ಎಂದರು ಅತ್ತೆ. ಆಗ ಒಂದೂ ಐವತ್ತೇಳು.

ಸಂಜೆ ಮನೆಗೆ ಹೋಗಲು ಅವಳಿಗೆ ಕಾಲೇ ಬರಲಿಲ್ಲ. ಎರಡು ಸ್ಟಾಪ್ ಮೊದಲೇ ಇಳಿದು ನಡೆದಳು. ಎಷ್ಟು ನಿಧಾನ ನಡೆದರೂ ಮನೆ ಬಂದೇಬಂತು. ಅತ್ತೆ ಊಟದ ಮೇಜಿನ ಮುಂದೆ ಕೂತು ಟೈಪ್ ಮಾಡುತ್ತಿದ್ದರು. ಕೆಲಸ ಸಿಕ್ಕಿತ್ತು, ಮೊದಲ ಹತ್ತು ಪುಟ ಆಗಲೇ ಬಂದಿದ್ದವು.

ಸೊಸೆ ಚೀಲವನ್ನೂ ಕೆಳಗಿಡದೆ ಹೋಗಿ ಎದುರು ನಿಂತಳು. “ತಪ್ಪಾಯ್ತು ಅತ್ತೆ. ಯಾವತ್ತೋ ಸಿಟ್ಟಲ್ಲಿ ಇಟ್ಟಿದ್ದು. ಈಗಲೇ ಬದಲಾಯಿಸ್ತೀನಿ.”

“ಕಿರಿಕಿರಿ ಮಾಡ್ತೀನಿ ನಾನು. ಅದೇನು ಸುಳ್ಳಲ್ಲ,” ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. “ಒಂದು ಕೇಳ್ತೀನಿ, ಹೇಳು. ಇದು ಯಾರ್ಯಾರಿಗೆ ಗೊತ್ತು?”

ಸುಳ್ಳು ಹೇಳಬಹುದಿತ್ತು. ಮಧ್ಯಾಹ್ನ ಹೇಳಿದ್ದೇ ಅವಳಿಗೆ ಸಾಕಾಗಿತ್ತು.

“ನಿಮ್ಮ ಮಗನಿಗೆ ಗೊತ್ತು. ನನ್ನ ತಂಗಿಗೆ. ಲ್ಯಾಬಿನ ಗೆಳತಿಯರಿಗೆ...” ಅವಳು ತಲೆ ತಗ್ಗಿಸಿದಳು. “ಮನೆಗೆ ಬಂದು ವೈಫೈ ಕೇಳಿದೋರಿಗೆಲ್ಲ.”

ಅತ್ತೆಯ ಬೆರಳುಗಳು ನಿಂತವು.

“ಅದಕ್ಕೇನಾ,” ಎಂದರು, “ನಾನು ಟೀ ತಂದಿಟ್ಟಾಗೆಲ್ಲ ಅವರು ಮುಖ ಮುಖ ನೋಡ್ಕೊಂಡು ನಗ್ತಿದ್ದಿದ್ದು? ಮನೆ ತುಂಬ ನಗು ಇದೆಯಲ್ಲ ಅಂತ ನಾನೂ ನಗ್ತಿದ್ದೆ ಕಣೇ, ಅವರ ಜೊತೆ.”